ಪುಟ್ಟತಾಯತ್ತೆಯ ‘ಒಸಿ’ ನೋವು

ಹಿಪ್ಪುನೇರಳೆ ಸೊಪ್ಪು ಹೇರಿದ ಗಾಡಿ ಪಕ್ಕದಲ್ಲಿ ಹಾದುಹೋದರೆ, ಆ ಹಸಿ ವಾಸನೆಯ ಹಿಂದೆಯೇ ಅಕ್ಕೂರಿನ ನಮ್ಮ ರೇಷ್ಮೆ ಹುಳುಮನೆ ಕಣ್ಣ ಮುಂದೆ ಬರುತ್ತದೆ. ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತ ಪುಟ್ಟತಾಯತ್ತೆ ಬರುತ್ತಾಳೆ. ಅಪ್ಪನ ಅಕ್ಕ ಅವಳು, ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ರೇಷ್ಮೆಹುಳು ಗೂಡು ಕಟ್ಟುವ ಮುಂಚಿನ ವಾರವೆಲ್ಲ ಅವಳು ಕೂತದ್ದನ್ನು ನಾನು ನೋಡಿಲ್ಲ. ಹುಳುಗಳು ಮೇಯುವ ಸರಸರ ಸದ್ದಿನ ನಡುವೆ ನನ್ನ ಜಡೆಯನ್ನೂ ನಿಂತೇ ಹೆಣೆಯುತ್ತಿದ್ದಳು. ಒಮ್ಮೆ ಸೊಪ್ಪು ಕೊಚ್ಚುವ ಕತ್ತಿ ಅವಳ ಹೆಬ್ಬೆರಳಿನ ಮೂಳೆಯವರೆಗೆ ಇಳಿದಿತ್ತು. ನಾನು ಅತ್ತರೆ, ‘ಒಸಿ ತಾಕ್ತು ಕಣಮ್ಮಿ, ಅಳಬ್ಯಾಡ’ ಎಂದು ಬಟ್ಟೆ ಸುತ್ತಿಕೊಂಡು ಮಿಕ್ಕ ಹುಳುತಟ್ಟೆಗಳಿಗೂ ಸೊಪ್ಪು ಹಾಕಿದಳು. ಆ ಹುಳುಮನೆ ಈಗಿಲ್ಲ. ಕೆಡವಿ ಎಷ್ಟೋ ವರ್ಷವಾಯಿತು.

ಎಪ್ಪತ್ತು ದಾಟಿದ ಮೇಲೆ ಅವಳಿಗೆ ಕ್ಯಾನ್ಸರ್ ಬಂದು ಬೆನ್ನುಮೂಳೆಗೆ ಹರಡಿತು. ರಾಮನಗರದ ನನ್ನ ಮನೆಗೆ ಕರೆತಂದೆ. ಡಾಕ್ಟರು ನೋವು ಎಷ್ಟಿದೆ ಎಂದು ಕೇಳಿದಾಗೆಲ್ಲ ‘ಒಸಿ ಐತೆ’ ಅನ್ನುತ್ತಿದ್ದಳು. ಪಕ್ಕದಲ್ಲಿ ನಿಂತ ನಾನು, ‘ಸ್ವಲ್ಪ ಅಂತೆ ಸಾರ್’ ಎನ್ನುತ್ತಿದ್ದೆ. ಅವರು ಅದೇ ಸಣ್ಣಪುಟ್ಟ ನೋವಿನ ಮಾತ್ರೆ ಬರೆಯುತ್ತಿದ್ದರು. ಆ ಹೆಬ್ಬೆರಳು ನನಗೆ ನೆನಪಾಗಲೇ ಇಲ್ಲ. ಮನೆಯಲ್ಲಿ ಅವಳು ಗೋಡೆಯ ಕಡೆ ತಿರುಗಿ ಮಲಗೇ ಇರುತ್ತಿದ್ದಳು. ಉಂಡ ತಟ್ಟೆ ಎತ್ತಿಡಲೂ ಆಗುತ್ತಿರಲಿಲ್ಲ. ಜೀವಮಾನವೆಲ್ಲ ನಿಂತೇ ದುಡಿದವಳು ಮನಸ್ಸು ಮಾಡಿದರೆ ಏಳಬಹುದೆಂದು ನನ್ನ ಹಟ. ‘ಹಿಂಗೆ ಮಲಗಿದ್ರೆ ಮಲಗೇ ಬಿಡ್ತೀಯ, ಏಳು’ ಎಂದು ರಟ್ಟೆ ಹಿಡಿದು ನಡೆಸುತ್ತಿದ್ದೆ. ಬಾಗಿಲವರೆಗೆ ಹೋಗಿ ಬಂದು ಮಂಚದ ಅಂಚಿನಲ್ಲಿ ಕುಸಿದು, ‘ಸುಸ್ತು ಕಣವ್ವ, ಸೋಮಾರಿತನ ಅಲ್ಲ’ ಅಂದಳೊಮ್ಮೆ. ನಾನು ನಂಬಲಿಲ್ಲ. ನಿಮ್ಮ ಮನೆಯ ಹಿರಿಯರಿಗೂ ನೀವು ಹೀಗೇ ಧೈರ್ಯ ಹೇಳಿದ್ದೀರೇನೋ.

ಒಂದು ದಿನ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ನನ್ನ ಕಡೆ ನೋಡದೆ, ಅತ್ತೆಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, ‘ಮೊದಲು ಮಾಡ್ತಿದ್ದು, ಈಗ ಆಗದೇ ಇರೋದು ಏನಮ್ಮ?’ ಎಂದರು. ಅತ್ತೆ ಒಂದೊಂದಾಗಿ ಹೇಳಿದಳು. ‘ತಲೆ ಬಾಚ್ಕಳಕ್ಕಾಗಲ್ಲ. ಮಗ್ಲು ತಿರುಗುದ್ರೆ ಜೀವ ಹೋಗ್ ಬತ್ತದೆ. ಮೂರು ತಿಂಗಳಾಯ್ತು, ಸರ್ಯಾಗಿ ನಿದ್ದೆ ಮಾಡಿಲ್ಲ.’ ಅಂದೇ ಡಾಕ್ಟರಮ್ಮ ನೋವಿಗೆ ಬಲವಾದ ಬೇರೆ ಮಾತ್ರೆ ಕೊಟ್ಟರು. ಮಾರನೆಯ ಮಧ್ಯಾಹ್ನ ಅತ್ತೆ ಅಂಗಾತ ಮಲಗಿ ಗೊರಕೆ ಹೊಡೆದಳು. ಎದ್ದು ಕಾಫಿ ಕೇಳಿ ಕುಡಿದು, ‘ಈ ಮಾತ್ರೆ ಮೊದ್ಲೂ ಸಿಕ್ತಿತ್ತೇನವ್ವ?’ ಎಂದಳು. ದೂರಿರಲಿಲ್ಲ ಆ ಮಾತಿನಲ್ಲಿ, ತಿಳಿದುಕೊಳ್ಳಲು ಕೇಳಿದ್ದಳು. ‘ಸಿಕ್ತಿತ್ತು ಅತ್ತೆ’ ಎಂದೆ. ಅವಳು ನನ್ನ ಮುಖ ನೋಡಿ, ‘ಬುಡು, ನಿಂಗೇನು ಗೊತ್ತಿತ್ತು’ ಎಂದು ಲೋಟ ನನ್ನ ಕೈಗಿತ್ತಳು. ಆಮೇಲೆ ಇಪ್ಪತ್ತು ದಿನ ನೆಮ್ಮದಿಯಾಗಿ ಮಲಗಿ, ಎದ್ದು, ಒಂದು ಬೆಳಗ್ಗೆ ಹೋದಳು. ಎಂಥ ಒಳ್ಳೆಯ ಸಾವು ಎಂದು ನೆಂಟರು ಈಗಲೂ ಆ ಇಪ್ಪತ್ತು ದಿನಗಳ ಮಾತಾಡುತ್ತಾರೆ. ಅದಕ್ಕೂ ಮುಂಚಿನ ಮೂರು ತಿಂಗಳು ನನಗೊಬ್ಬಳಿಗೇ ಗೊತ್ತು.