ತಿರುಮಲೈಸಾಮಿ ಕಟ್ಟಿದ ದೀಪಾವಳಿ ಪೇಟೆ

ಮಗ್ಗದ ಮುಂದೆ ಕೂತರೆ ತಿರುಮಲೈಸಾಮಿಗೆ ಬೆನ್ನು ನೋಯುತ್ತಿತ್ತು. ನಾಲಗೆ ಮಾತ್ರ ಎಂದೂ ನೋಯಲಿಲ್ಲ. ಉಕ್ಕಡದ ಹತ್ತಿರದ ನೇಕಾರರ ಬೀದಿಯಲ್ಲಿ ಹುಟ್ಟಿ, ಹೆಂಡತಿ ಶಿವಗಾಮಿಯ ನೇಯ್ಗೆಯಿಂದ ಉಂಡು, ಯಾರು ಕೇಳಿದರೂ "ನಮ್ಮದು ಐಡಿಯಾ ಕೆಲಸ" ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನಿಗೆ ಮಗ್ಗದ ಗುಂಡಿಯೇ ಡೊಂಕು.

ಎಂಬತ್ತಮೂರನೇ ಇಸವಿಯಲ್ಲಿ ನೇಕಾರರ ಸಂಘದವರು ಬೀದಿಯ ಕೊನೆಯ ಬಯಲಿನಲ್ಲಿ ದೀಪಾವಳಿ ಪೇಟೆ ಹಾಕೋಣ ಎಂದಾಗ, "ನನಗೆ ಬಿಡಿ, ಮದರಾಸಿನ ಎಗ್ಸಿಬಿಷನ್ ನೋಡಿ ಬಂದವನು ನಾನು" ಎಂದು ಎದ್ದು ನಿಂತ. ಬೇರೆ ಯಾರೂ ಏಳಲಿಲ್ಲವಾದ್ದರಿಂದ ಕೆಲಸ ಅವನಿಗೇ ಬಂತು.

ಶಿವಗಾಮಿ ಹೇಳಿದ್ದು ಒಂದೇ ಮಾತು: "ಏನುಂಗ, ವರ್ಷವೆಲ್ಲ ನೇಯ್ದ ಸೀರೆನೆಲ್ಲ ಅಲ್ಲಿ ಇಡ್ತೀನಿ. ಯಾಪಾರ ಆದ್ರೆ ನೀವೂ ಕೆಲಸ ಮಾಡೋರು ಅಂತ ಒಪ್ಕೊಳ್ತೀನಿ."

ಮದುವೆಯಾದಾಗಿನಿಂದ ಅವಳ ಬಾಯಿಂದ ಆ ಮಾತು ಕೇಳಬೇಕೆಂದು ಅವನ ಜೀವ ಒದ್ದಾಡುತ್ತಿತ್ತು.

ಪೇಟೆ ಚೆನ್ನಾಗಿಯೇ ಎದ್ದಿತು, ಸುಳ್ಳು ಹೇಳಬಾರದು. ಎರಡು ಸಾಲು ಅಂಗಡಿ, ಬಣ್ಣದ ಬಲ್ಬು, ತೆಂಗಿನ ಗರಿಯ ಚಪ್ಪರ. ಜನ ಬಲಸಾಲಿನ ಮುಂದೆ ಹೋಗಬೇಕು, ತುದಿಯಲ್ಲಿ ತಿರುಗಿ ಎಡಸಾಲಿನ ಮುಂದೆ ಬರಬೇಕು. ಇದು "ಒನ್ ವೇ". ನಡುವೆ ಹಗ್ಗ ಕಟ್ಟಿದರೆ ದನದ ಸಂತೆಯಂತೆ ಕಂಡೀತು ಎಂದು, ಬಿದಿರುಕಡ್ಡಿಗಳನ್ನು ಜೋಡಿಜೋಡಿಯಾಗಿ ಕತ್ತರಿಯಂತೆ ಅಡ್ಡಡ್ಡ ನೆಟ್ಟು, ಅವುಗಳ ಮೇಲೆ ಬಣ್ಣದ ನೂಲನ್ನು ಮೊಣಕಾಲೆತ್ತರದಲ್ಲಿ ಉದ್ದಕ್ಕೂ ಬಿಗಿದ. ತುದಿಯಲ್ಲಿ ಬೆಂಚು, ಬಜ್ಜಿ ಅಂಗಡಿ. ಅದರಾಚೆ ಬಸ್ ನಿಲ್ಲುವ ಜಾಗ.

ಮೊದಲ ಸಂಜೆ ಜನ ಮುಗಿಬಿದ್ದರು. ಬಲಸಾಲಿನಲ್ಲಿ ಕಾಲಿಡಲು ಜಾಗವಿಲ್ಲ. ಎಡಸಾಲಿನಲ್ಲಿ ಶಿವಗಾಮಿ ನೊಣ ಓಡಿಸುತ್ತಿದ್ದಳು. ತುದಿ ತಲುಪಿದವರು ಬೆಂಚಿನಲ್ಲಿ ಕೂತು, ಬಜ್ಜಿ ತಿಂದು, ಬಸ್ಸು ಹತ್ತಿಬಿಡುತ್ತಿದ್ದರು. ಆಚೆಯ ಸೀರೆ ಕಣ್ಣಿಗೆ ಬಿದ್ದು ನಡುವಿನ ನೂಲು ದಾಟಲು ಕಾಲೆತ್ತಿದವರಿಗೆ ಬಯಲಿನಂಚಿನ ಮನೆಯ ಜಗಲಿಯಿಂದ ಮುದುಕಿ ಪಳನಿಯಮ್ಮಾಳ್ ಕೂಗುತ್ತಿದ್ದಳು: "ಅಯ್ಯಯ್ಯೋ! ಪಾವು ಕಣೋ! ದಾಟಬ್ಯಾಡ!"

ಆ ಬೀದಿಯಲ್ಲಿ ಬೆಳಗಾದರೆ ಅಂಥದೇ ಕಡ್ಡಿಗಳ ಮೇಲೆ ಪಾವು, ಅಂದರೆ ಹಾಸುನೂಲು, ಗಂಜಿ ಹಚ್ಚಿಸಿಕೊಂಡು ಒಣಗುತ್ತಿತ್ತು. ಅದನ್ನು ದಾಟಿದರೆ ಅನ್ನವನ್ನೇ ದಾಟಿದಂತೆ. ತಿರುಮಲೈಸಾಮಿಯ ತಲೆ ಮದರಾಸಿನಲ್ಲಿದ್ದಾಗ ಕೈ ತನಗೆ ಗೊತ್ತಿದ್ದುದನ್ನು ಕಟ್ಟಿಬಿಟ್ಟಿತ್ತು. ಊರಿನವರಂತೂ ದಾಟಲಿಲ್ಲ, ಮುದುಕಿಯ ಕೂಗಿಗೆ ಹೊರಗಿನವರೂ ಕಾಲು ಹಿಂದೆ ಸರಿಸಿದರು.

ಸಂಘದ ಅಧ್ಯಕ್ಷ ಸುಬ್ಬಯ್ಯನ್ ಬಂದು, "ನೂಲು ಬಿಚ್ಚಪ್ಪಾ" ಎಂದ. ಬಿಚ್ಚಿದರೆ ಐಡಿಯಾದ ಮಾನವೇನಾದೀತು! ತಿರುಮಲೈಸಾಮಿ ಮೈಕ್ ಹಿಡಿದ. "ಮಹಾಜನಗಳೇ, ಇದು ಪಾವಲ್ಲ, ಬರೀ ಅಲಂಕಾರ. ಮೂಢನಂಬಿಕೆ ಬಿಡಿ. ಇಗೋ, ನಾನೇ ದಾಟಿ ತೋರಿಸ್ತೀನಿ!"

ಜನ ಬಜ್ಜಿ ಬಿಟ್ಟು ಬಂದು ನಿಂತರು. ಅವನು ವೇಷ್ಟಿ ಎತ್ತಿ ಕಟ್ಟಿ ಕಾಲೆತ್ತಿದ. ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಕಾಲು ಮೆಲ್ಲಗೆ ಇದ್ದಲ್ಲಿಗೇ ಇಳಿಯಿತು. ಅಷ್ಟರಲ್ಲಿ ಒಂದು ಎಳೆ ಹರಿದಿರುವುದು ಕಣ್ಣಿಗೆ ಬಿತ್ತು. ನೆರೆದವರೆಲ್ಲರ ಎದುರು ಬಗ್ಗಿ, ಉಗುಳು ಹಚ್ಚಿ ಹೊಸೆದು, ಅದನ್ನು ಕೂಡಿಸಿದ. ನಗು ಚಪ್ಪರ ಹಾರಿಸುವಂತೆ ಎದ್ದಿತು. ಪಾಪ, ಆ ಹೊತ್ತಿಗೆ ಅವನ ಮುಖ ನೋಡಲಾಗುತ್ತಿರಲಿಲ್ಲ.

ಮೈಕ್ ಕೆಳಗಿಟ್ಟು, ಬಲಸಾಲಿನುದ್ದಕ್ಕೂ ನಡೆದು, ಬೆಂಚು ಬಳಸಿ, ತಾನೇ ಮಾಡಿದ ದಾರಿಯಲ್ಲಿ ಎಡಸಾಲಿಗೆ ಬಂದ. ಆ ಸಂಜೆ ಹಾಗೆ ಬಂದವನು ಅವನೊಬ್ಬನೇ.

"ಬಾಂಗೊ," ಎಂದಳು ಶಿವಗಾಮಿ. "ಬೋಣಿ ನಿಮ್ಮದೇ." ಬೈಗುಳಕ್ಕೆ ತಯಾರಾಗಿದ್ದವನು ತಬ್ಬಿಬ್ಬಾದ. ಅವಳು ಗಿರಾಕಿಗೆ ತೋರಿಸುವಂತೆಯೇ ಒಂದೊಂದು ಸೀರೆಯ ಸೆರಗನ್ನೂ ಬಿಚ್ಚಿ ಹರಡಿದಳು. "ಯಾರಿಗುಂಗ?"

"ಮನೆಯವಳಿಗೆ," ಎಂದ, ತಲೆ ತಗ್ಗಿಸಿ.

"ಅವರಿಗೆ ಯಾವ ಬಣ್ಣ ಹಿಡಿಸ್ತದೆ?"

ತಿರುಮಲೈಸಾಮಿ ಸೀರೆಗಳನ್ನು ನೋಡಿದ, ಅವಳ ಮುಖ ನೋಡಿದ. ಜೀವಮಾನದಲ್ಲಿ ಮೊದಲ ಸಲ ಅವನ ನಾಲಗೆ ಏಳಲಿಲ್ಲ. ಅವನಿಗೆ ಗೊತ್ತಿರಲಿಲ್ಲ.