ಮೆಹಂದಿಯ ಮುಷ್ಟಿ, ಮ್ಯಾಥ್ಸ್ ಪರೀಕ್ಷೆ

“ದೀದಿ, ನಿಮ್ಮ ಹಾರ್ಮೋನಿಯಂ ಸ್ವಲ್ಪ ಹೊತ್ತು ಕೊಡ್ತೀರಾ?”

ಬಾಗಿಲಲ್ಲಿ ಎದುರು ಫ್ಲಾಟಿನ ಜರ್ಗುನಾ. ಅಫ್ಘಾನಿಸ್ತಾನದವಳು. ನಮ್ಮ ಅತ್ತೆ-ಸೊಸೆ ಸೀರಿಯಲ್ ನೋಡಿ ಹಿಂದಿ ಕಲಿತವಳಾದ್ದರಿಂದ ಕೊತ್ತಂಬರಿ ಸೊಪ್ಪು ಕೇಳುವಾಗಲೂ ಅವಳ ದನಿಯಲ್ಲಿ ಕುಟುಂಬದ ಮಾನ ಮರ್ಯಾದೆಯ ಪ್ರಶ್ನೆ ಇರುತ್ತದೆ.

ನಾನು ಹೌಹಾರಿದೆ. ಮಾರ್ಚ್ ತಿಂಗಳಲ್ಲಿ, ದುಬೈಯ ಅಲ್ ಕುಸೈಸಿನಲ್ಲಿ, ಹಾರ್ಮೋನಿಯಮ್ಮಾ?

ಇಲ್ಲಿರುವವರಿಗೆ ಗೊತ್ತು. ಬೋರ್ಡ್ ಎಕ್ಸಾಮ್ ಬಂತೆಂದರೆ ನಮ್ಮ ಏರಿಯಾದಲ್ಲಿ ಕುಕ್ಕರ್ ಕೂಡ ಹೆದರಿ ಹೆದರಿ ಸೀಟಿ ಹಾಕುತ್ತದೆ. ನಮ್ಮ ಮನೆಯಲ್ಲೂ ಟಿವಿ ಬಂದ್. ಟೆಂತ್ ಓದುವ ಮಗಳು ಶ್ರೇಯಾಳ ಇಯರ್‌ಫೋನ್ ನನ್ನ ಬೀರುವಿನಲ್ಲಿ. ಶುಕ್ರವಾರದ ಭಜನೆಯ ಹಾರ್ಮೋನಿಯಂ ಬೆಡ್‌ಶೀಟ್ ಸುತ್ತಿಕೊಂಡು ವಾರ್ಡ್‌ರೋಬಿನ ಮೇಲೆ. (ದೇವರಿಗೂ ಸ್ಟಡಿ ಲೀವ್.) ಮರುದಿನವೇ ಮ್ಯಾಥ್ಸ್.

“ಪರೀಕ್ಷೆ ಮುಗೀಲಿ ಮಾರಾಯ್ತಿ, ಆಮೇಲೆ ನೀನೇ ಇಟ್ಕೋ” ಅಂದೆ. (ಮಾರಾಯ್ತಿಗೆ ಹಿಂದಿ ಪದ ಇಲ್ಲ, ಹಾಗೇ ಅಂದೆ.)

“ಇವತ್ತೇ ತಂಗಿಯ ಮೆಹಂದಿ, ದೀದಿ.”

ತಂಗಿ ಪಲ್ವಶಾ ಇರುವುದು ಅವರ ದೇಶದಲ್ಲೇ, ಲೋಗರ್ ಕಡೆಯ ಹಳ್ಳಿಯಲ್ಲಿ. ಅಲ್ಲಿ ಬಂದೂಕಿನವರ ಕಾನೂನು: ಮದುವೆಯಲ್ಲಿ ಸಂಗೀತ ಕೂಡದು. ಜರ್ಗುನಾಳ ಅಪ್ಪನ ಹಾರ್ಮೋನಿಯಂ ಮುರಿದು ಒಲೆಗೆ ಹಾಕಿದ್ದೂ ಅವರೇ. ಮನೆಯ ಹಿರಿಯರು ಹೆದರಿ, ಎಲ್ಲ ಸದ್ದಿಲ್ಲದೆ ಮುಗಿಸೋಣ ಅಂದರು.

ಆದರೆ ಅವರಲ್ಲೊಂದು ಪದ್ಧತಿ. ಮೆಹಂದಿ ಹಚ್ಚುವಾಗ ಮದುಮಗಳು ಮುಷ್ಟಿ ಬಿಗಿ ಹಿಡಿಯಬೇಕು. ಸುತ್ತ ಹೆಂಗಸರು ಹಾಡಬೇಕು. ಅತ್ತೆ ಬಂಗಾರ ಕೊಟ್ಟ ಮೇಲೆ ಮುಷ್ಟಿ ಬಿಚ್ಚಬೇಕು. ಪಲ್ವಶಾ ಮಹಾರಾಯಿತಿ ಮುಷ್ಟಿ ಹಿಡಿದು ಕೂತುಬಿಟ್ಟಿದ್ದಾಳೆ. ಬಂಗಾರ ಬೇಡ, ಹಾಡು ಬೇಕು. ಅಪ್ಪನ ಕಾಲದ ಹಾಗೆ, ಹಾರ್ಮೋನಿಯಂ ಸಮೇತ!

“ಎಂಥಾ ಹಠಮಾರಿ!” ಅಂದೆ.

“ನಮ್ಮನೇಲಿ ಎಲ್ಲರೂ ಹಾಗೇ” ಅಂದಳು ಜರ್ಗುನಾ, ಹೆಮ್ಮೆಯಿಂದ.

ಉಪಾಯ ಇಷ್ಟು. ಇವಳು ಇಲ್ಲಿಂದ ಫೋನಿನಲ್ಲಿ ಹಾಡುವುದು, ಅಲ್ಲಿ ಮದುಮಗಳು ದುಪಟ್ಟಾದೊಳಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುವುದು. ಆದರೆ ಕತ್ತಲಾದರೆ ಬಂದೂಕಿನವರು ಮೊಬೈಲ್ ಟವರ್ ಬಂದ್ ಮಾಡಿಸುತ್ತಾರೆ. ಅಲ್ಲಿ ನಮಗಿಂತ ಬೇಗ ಕತ್ತಲು ಬೇರೆ.

“ನಾಳೆ ಮ್ಯಾಥ್ಸ್...” ನಾನಿನ್ನೂ ರಾಗ ಎಳೆಯುತ್ತಿದ್ದೆ. ಒಳಗಿನಿಂದ ಶ್ರೇಯಾ ಕೂಗಿದಳು: “ಅಮ್ಮಾ, ಯೂ ಆಲ್ಸೋ ಬ್ಯಾನ್ಡ್ ಮ್ಯೂಸಿಕ್!”

ಮೈಯೆಲ್ಲ ಉರಿದುಹೋಯಿತು. ನಾನೂ ಅವರೂ ಒಂದೇನಾ? ಅವರ ಕೈಯಲ್ಲಿರುವುದು ಬಂದೂಕು, ನನ್ನ ಕೈಯಲ್ಲಿರುವುದು ಟೈಮ್‌ಟೇಬಲ್. ಅವರು ಹೇಳುವುದು, ಎಲ್ಲ ನಿಮ್ಮ ಒಳ್ಳೆಯದಕ್ಕೇ ಅಂತ. ನಾನು ಹೇಳುವುದು... ಹೋಗಲಿ ಬಿಡಿ.

ಸ್ಟೂಲ್ ಹತ್ತಿ ಹಾರ್ಮೋನಿಯಂ ಇಳಿಸಿದೆ. ಜರ್ಗುನಾಳಿಗೆ ನುಡಿಸಲು ಬಾರದು. ಸರಿ, ನೈಟಿಯ ಮೇಲೆ ಶಾಲು ಹೊದ್ದು ನಾನೇ ನಡೆದೆ. ನನಗೆ ಬರುವುದು ಭಜನೆ ಮಾತ್ರ. “ಸುಮ್ಮನೆ ಶ್ರುತಿ ಹಿಡ್ಕೊಳ್ಳಿ, ಸಾಕು” ಅಂದಳು.

ಫೋನ್ ಸ್ಪೀಕರಿನಲ್ಲಿಟ್ಟು, ದಮ್ಮಡಿಯಂಥ ವಾದ್ಯ ಬಡಿಯುತ್ತ ಅವಳು ಹಾಡಿದಳು. ಒಂದಕ್ಷರ ಅರ್ಥವಾಗಲಿಲ್ಲ. ಎರಡನೇ ಸಾಲಿಗೆ ನನಗೆ ಕಣ್ಣು ತುಂಬಿ ಹಾರ್ಮೋನಿಯಂನ ಮನೆಗಳೇ ಕಾಣಲಿಲ್ಲ. ಅಷ್ಟರಲ್ಲಿ ಕೆಳಗಿನ ಫ್ಲಾಟಿನ ಶೆಟ್ಟರು (ಅವರ ಮಗನೂ ಟೆಂತ್) ಪೊರಕೆ ಹಿಡಿಯಿಂದ ತಮ್ಮ ಸೀಲಿಂಗ್ ಕುಟ್ಟತೊಡಗಿದರು. ತಾಳ ತಪ್ಪುತ್ತಿತ್ತು, ಆದರೂ ಸೇರಿಸಿಕೊಂಡೆವು.

ಹಾಡು ಮುಗಿಯಿತು. ಫೋನಿನಲ್ಲಿ ಯಾವುದೋ ಹೆಂಗಸಿನ ಪಿಸುಮಾತು. ಜರ್ಗುನಾ ಕಿರುಚಿದಳು: “ಬಿಚ್ಚಿದಳು ದೀದಿ, ಮುಷ್ಟಿ ಬಿಚ್ಚಿದಳು!”

ಅಷ್ಟೇ. ಲೈನ್ ಕಟ್. ಮತ್ತೆಷ್ಟು ಸಲ ಡಯಲ್ ಮಾಡಿದರೂ ಹತ್ತಲಿಲ್ಲ. ಟವರ್ ಖಲಾಸ್.

ಕಣ್ಣೊರೆಸಿಕೊಂಡು ಮನೆಗೆ ಬಂದೆ. ಮಗಳು ಮ್ಯಾಥ್ಸ್ ಪುಸ್ತಕ ಮುಚ್ಚಿಟ್ಟು ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಾಳೆ ಕಳ್ಳಿ. ಬಲಗೈ ಮುಂದೆ ಚಾಚಿದಳು. ಮುಷ್ಟಿ ಬಿಗಿ.

“ನೋ ಇಯರ್‌ಫೋನ್, ನೋ ಪೆನ್.”

ಹಾಡು ನಿಲ್ಲಿಸುತ್ತೇವೆಂದು ಹೊರಟವರೇ, ಮುಷ್ಟಿ ಬಿಗಿ ಹಿಡಿದ ಹುಡುಗಿಯ ಎದುರು ಒಮ್ಮೆಯಾದರೂ ನಿಂತು ನೋಡಿದ್ದೀರಾ?