ಎರಡನೇ ಡಿಕಾಕ್ಷನ್ ಕುಡಿದವಳು

ಪ್ರಪಂಚದಲ್ಲಿ ಕಾಫಿ ಮಾಡಲು ಬರುವವರು ಎಷ್ಟು ಜನ ಎಂದು ದೊಡ್ಡಕ್ಕನನ್ನು ಯಾರಾದರೂ ಕೇಳಿದ್ದರೆ, ಅವಳು ಒಂದೇ ಬೆರಳು ಎತ್ತಿ ಅದನ್ನೂ ತನ್ನ ಕಡೆಗೇ ತಿರುಗಿಸುತ್ತಿದ್ದಳು. ಉಳಿದವರು ಮಾಡುವುದಕ್ಕೆ ಅವಳು ಕಾಫಿ ಎನ್ನುತ್ತಲೇ ಇರಲಿಲ್ಲ. ಒಬ್ಬರದು ಕಷಾಯ, ಇನ್ನೊಬ್ಬರದು ಕಲಗಚ್ಚು. ಎದುರುಮನೆಯವಳು ಮಾಡುವುದಕ್ಕೆ ಮಾತ್ರ ಇನ್ನೂ ಹೆಸರು ಹುಡುಕಬೇಕಾಗಿತ್ತು.

ಮೂವತ್ತನಾಲ್ಕು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತು, ಬೇರೆಯವರು ಹೊಲಿದ ಅಂಗಿಗಳಲ್ಲಿ ತಪ್ಪು ಹುಡುಕಿ ಕೆಂಪು ಚೀಟಿ ಅಂಟಿಸಿದವಳು ಅವಳು. ನಿವೃತ್ತಿಯಾದ ಮೇಲೆ ಚೀಟಿಗಳು ಕಾರ್ಖಾನೆಯಲ್ಲೇ ಉಳಿದವು, ಅಂಟಿಸುವ ಚಟ ಜೊತೆಗೆ ಬಂತು. ಓಣಿಯವರು ಬೆನ್ನ ಹಿಂದೆ ಅವಳನ್ನು ಜಡ್ಜಮ್ಮ ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಬೇಜಾರೇನೂ ಆಗಿರಲಿಲ್ಲ.

ಅವಳ ಕಾಫಿ ನಿಜಕ್ಕೂ ಚೆನ್ನಾಗಿರುತ್ತಿತ್ತು, ಅದನ್ನು ಇಲ್ಲವೆನ್ನಲಾಗದು. ಬೆಳಿಗ್ಗೆ ಐದೂವರೆಗೆ ಎದ್ದು ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ಹಾಕಿ, ಅದರ ಮೇಲೆ ತೂತಿನ ಬಿಲ್ಲೆ ಇಟ್ಟು, ಒತ್ತಿಯೂ ಒತ್ತದ ಹಾಗೆ ಒತ್ತುವಳು. ಜಾಸ್ತಿ ಒತ್ತಿದರೆ ನೀರು ಇಳಿಯುವುದಿಲ್ಲ, ಒತ್ತದಿದ್ದರೆ ಸುಮ್ಮನೆ ಸುರಿದುಹೋಗುತ್ತದೆ. ಕುದ್ದ ನೀರನ್ನು ಕೆಳಗಿಳಿಸಿ, ಗುಳ್ಳೆ ಅಡಗುವ ತನಕ ಕಾದು, ಸುತ್ತ ಹುಯ್ದು ಮುಚ್ಚಳ ಮುಚ್ಚಿದರೆ ಮುಂದಿನ ಇಪ್ಪತ್ತು ನಿಮಿಷ ಅಡುಗೆಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿಲ್ಲ. ಡಿಕಾಕ್ಷನ್ ತೊಟ್ಟಿಕ್ಕುವ ಸದ್ದು ಅವಳಿಗೆ ಕೇಳಬೇಕು. ಬೇಗ ಇಳಿಯಲಿ ಎಂದು ಫಿಲ್ಟರಿನ ತಲೆ ಮೇಲೆ ಚಮಚದಿಂದ ತಟ್ಟುವವರನ್ನು ಹಿಡಿದು ಜೈಲಿಗೆ ಹಾಕಬೇಕು ಎಂಬುದು ಅವಳ ಖಚಿತ ಅಭಿಪ್ರಾಯ.

ಮನೆ ತಮ್ಮನದು. ತಾಯಿ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ಸಾಕಿ, ಓದಿಸಿ, ಕನ್ನಡಕದ ಅಂಗಡಿ ಹಾಕಿಸಿ, ಮದುವೆ ಮಾಡಿದವಳು ಇವಳೇ. ಅವನ ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ದಿನವಿಡೀ ನಿಂತು ಡಾಕ್ಟರುಗಳ ಕಾಗೆಕಾಲಿನ ಅಕ್ಷರ ಓದಿ ಬರುವವಳಿಗೆ ಮನೆಯಲ್ಲಿ ಮಾತು ಕಡಿಮೆ. ಮದುವೆಯಾಗಿ ಬಂದ ಎರಡನೇ ತಿಂಗಳಲ್ಲೇ ಅವಳು ಬಿಸಿನೀರಿಗೆ ಕಲಸಿ ಕುಡಿಯುವ ಡಬ್ಬಿ ಪುಡಿ ತಂದು ಕಪಾಟಿನ ಮೂಲೆಯಲ್ಲಿ ಇಟ್ಟುಕೊಂಡಳು. ದೊಡ್ಡಕ್ಕನ ಕಣ್ಣಲ್ಲಿ ಅವಳ ತೀರ್ಪು ಆವತ್ತೇ ಮುಗಿದಿತ್ತು. "ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ," ಎಂದು ಡಬ್ಬಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ್ದಳು.

ಅವಳು ಬಂದ ದಿನದಿಂದಲೇ ಆ ಮನೆಯಲ್ಲಿ ಒಂದು ಕಾನೂನು. ಮೊದಲು ಇಳಿದ ಗಟ್ಟಿ ಡಿಕಾಕ್ಷನ್ ತಮ್ಮನಿಗೆ ಮತ್ತು ತನಗೆ. ಆಮೇಲೆ ಅದೇ ಪುಡಿಯ ಮೇಲೆ ಇನ್ನೊಂದು ಸಲ ಬಿಸಿನೀರು ಹುಯ್ದರೆ ಇಳಿಯುವ ತೆಳ್ಳನೆಯ ಕಂದು ನೀರು, ಎರಡನೇ ಡಿಕಾಕ್ಷನ್, ತಮ್ಮನ ಹೆಂಡತಿಗೆ. ಇಪ್ಪತ್ತೆರಡು ವರ್ಷದಿಂದ ಹಾಗೇ ನಡೆದಿತ್ತು. ತಮ್ಮನಿಗೆ ಲೋಟ ಕೊಟ್ಟು ದೊಡ್ಡಕ್ಕ ಪಕ್ಕದಲ್ಲೇ ನಿಂತು, "ಹೇಗಿದೆಯೋ?" ಎನ್ನುವಳು. ಅವನು, "ಚೆನ್ನಾಗಿದೆ ಅಕ್ಕ," ಎನ್ನುವನು. ಅವಳ ದಿನ ಅಲ್ಲಿಂದ ಶುರು.

ಅಂಥವಳ ಮೂಗು ಹೋಯಿತು.

ಒಂದು ವಾರ ಜ್ವರ, ನೆಗಡಿ. ಜ್ವರ ಇಳಿಯಿತು, ನೆಗಡಿ ಹೋಯಿತು, ವಾಸನೆ ಮಾತ್ರ ವಾಪಸು ಬರಲಿಲ್ಲ. ಪುಡಿಯ ಡಬ್ಬಿಯೊಳಗೆ ಮುಖವಿಟ್ಟು ಎಳೆದರೂ ಗಾಳಿ ಬಂತೇ ಹೊರತು ಬೇರೇನೂ ಬರಲಿಲ್ಲ. ನಾಲಿಗೆಗೆ ಸಿಹಿ ಗೊತ್ತಾಗುತ್ತಿತ್ತು, ಕಹಿ ಗೊತ್ತಾಗುತ್ತಿತ್ತು, ಕಾಫಿ ಗೊತ್ತಾಗುತ್ತಿರಲಿಲ್ಲ. ಯಾರಿಗೂ ಹೇಳದೆ ಡಾಕ್ಟರ ಹತ್ತಿರ ಹೋದಳು. ಅವನು ಟಾರ್ಚು ಬಿಟ್ಟು ನೋಡಿ, "ಬಂದ್ರೆ ಬರಬಹುದು, ಬರದೇನೂ ಇರಬಹುದು," ಎಂದ. ಇಷ್ಟು ಹೇಳುವುದಕ್ಕೆ ಅಷ್ಟು ವರ್ಷ ಓದಬೇಕಿತ್ತೇ ಎಂದು ದಾರಿಯುದ್ದಕ್ಕೂ ಅವನನ್ನು ಬೈದುಕೊಂಡು ಬಂದಳು.

ಬೈಗುಳದ ಅಡಿಯಲ್ಲಿ ಇದ್ದದ್ದು ಹೆದರಿಕೆ. ಆ ಮನೆಯಲ್ಲಿ ಅವಳದು ಎಂದು ಇದ್ದದ್ದು ಮುಂದಿನ ಕೋಣೆಯ ಮಂಚ, ಮತ್ತು ಆ ಫಿಲ್ಟರು. ಮಂಚ ಯಾರಿಗೆ ಬೇಕಾದರೂ ಇರುತ್ತದೆ. ಮೂಗು ಹೋದ ಸುದ್ದಿ ಹೊರಬಿದ್ದರೆ ಫಿಲ್ಟರು ತಮ್ಮನ ಹೆಂಡತಿಯ ಕೈಗೆ ಹೋಗುತ್ತದೆ. ಆಮೇಲೆ ತಾನು ಕುರ್ಚಿಯಲ್ಲಿ ಕೂತು, ಯಾರೋ ತಂದುಕೊಟ್ಟದ್ದನ್ನು ಯಾವಾಗ ಕೊಟ್ಟರೆ ಆವಾಗ ಕುಡಿಯುವ ಮುದುಕಿ. ಹೇಳಲೇಬಾರದು ಎಂದು ನಿರ್ಧರಿಸಿದಳು.

ನಾಲ್ಕು ತಿಂಗಳು ಹೇಳಲಿಲ್ಲ. ಕೈಗೆ ಅಳತೆ ಗೊತ್ತಿತ್ತು, ಕಿವಿಗೆ ತೊಟ್ಟು ಗೊತ್ತಿತ್ತು, ಕಣ್ಣಿಗೆ ಬಣ್ಣ ಗೊತ್ತಿತ್ತು. ಪುಡಿ ಅಂಗಡಿಯಲ್ಲಿ ಮಾತ್ರ ಮೂಗು ಬೇಕಾಯಿತು. ಅಂಗಡಿಯವನು ಎಂದಿನಂತೆ ಕಾಗದದ ಮೇಲೆ ಚಿಟಿಕೆ ಪುಡಿ ಹಾಕಿ ಅವಳ ಮುಂದೆ ಹಿಡಿದ. ಮೂಸಿದಳು. ಏನೂ ಇಲ್ಲ. ಅಭ್ಯಾಸಬಲದಿಂದ ಮುಖ ಸಿಂಡರಿಸಿ, "ಹುರಿದದ್ದು ಜಾಸ್ತಿಯಾಯ್ತಲ್ಲಪ್ಪ," ಎಂದಳು. ಅವನು ಕೈಮುಗಿದು, "ನಿಮ್ಮ ಮೂಗಿಗೆ ಮೋಸ ಮಾಡೋಕಾಗುತ್ತಾ ಅಮ್ಮಾ," ಎಂದು ಬೇರೆ ಡಬ್ಬಿ ತೆಗೆದ. ಮೂಗೇ ಇಲ್ಲದೆ ತೀರ್ಪು ಕೊಟ್ಟರೂ ಜನ ಕೈಮುಗಿಯುತ್ತಾರೆ ಎಂದಾದರೆ ಇಷ್ಟು ವರ್ಷ ಮೂಗಿಟ್ಟುಕೊಂಡು ಏನು ಸಾಧಿಸಿದ ಹಾಗಾಯಿತು? ಈ ಯೋಚನೆ ಅವಳಿಗೆ ಇಷ್ಟವಾಗಲಿಲ್ಲ. ಅಂಗಡಿಯವನನ್ನು ದಡ್ಡ ಎಂದು ತೀರ್ಮಾನಿಸಿ ಮನೆಗೆ ಬಂದಳು.

ಆಮೇಲೆ ಒಂದು ಮಂಗಳವಾರ ಹಾಲು ತಳ ಹಿಡಿಯಿತು. ಉರಿ ಸಣ್ಣದಿದ್ದದ್ದರಿಂದ ಉಕ್ಕಲಿಲ್ಲ, ಅಡಿಯಲ್ಲಿ ಸದ್ದಿಲ್ಲದೆ ಸೀದಿತು. ಅವಳು ಅದರ ಪಕ್ಕದಲ್ಲೇ ನಿಂತಿದ್ದಳು. ಕಾಫಿ ಬೆರೆಸಿದಳು, ಲೋಟದಿಂದ ಲೋಟಕ್ಕೆ ಎತ್ತಿ ಹುಯ್ದು ನೊರೆ ಬರಿಸಿದಳು, ಕೊಟ್ಟಳು. "ಹೇಗಿದೆಯೋ?" "ಚೆನ್ನಾಗಿದೆ ಅಕ್ಕ." ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಪಾತ್ರೆ ತೊಳೆಯಲು ಹೋದರೆ ತಳದಲ್ಲಿ ಕರ್ರಗೆ ಅಂಗೈಯಗಲದ ಹಕ್ಕಳೆ.

ದೊಡ್ಡಕ್ಕ ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಳು. ಸೀದ ಹಾಲಿನ ನಾತ ಮೂರು ಮನೆಗೆ ಹೊಡೆಯುತ್ತದೆ. ತಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಿದ್ದೂ ಸುಮ್ಮನಿದ್ದಾನೆ. ಪಾಪ, ಅಕ್ಕನಿಗೆ ವಯಸ್ಸಾಯಿತು ಎಂದು ಕನಿಕರಪಟ್ಟು ಕುಡಿದಿದ್ದಾನೆ! ತಾನು ಸಾಕಿದ ಹುಡುಗ ತನ್ನ ಮೇಲೆ ಕನಿಕರ ಪಡುವುದೇ? ಅದಕ್ಕಿಂತ ಲೋಟ ಎತ್ತಿ ಗೋಡೆಗೆ ಬಿಸಾಡಿದ್ದರೆ ವಾಸಿಯಿತ್ತು.

ನಿಜವೇನೆಂದು ತಿಳಿಯಲೇಬೇಕಾಯಿತು. ಬುಧವಾರ ಮೊದಲನೇ ಡಿಕಾಕ್ಷನ್ನನ್ನು ಎತ್ತಿಟ್ಟು ಎಲ್ಲರಿಗೂ ಎರಡನೆಯದನ್ನೇ ಬೆರೆಸಿದಳು, ಅದೂ ಹಿಂದಿನ ದಿನದ ಹಾಲಿಗೆ. ತಮ್ಮ ಪತ್ರಿಕೆಯಿಂದ ಕಣ್ಣೆತ್ತದೆ, "ಚೆನ್ನಾಗಿದೆ ಅಕ್ಕ," ಎಂದ. ಗುರುವಾರ ಅವಳು ಹಲ್ಲುಕಚ್ಚಿ ಕಪಾಟಿನ ಮೂಲೆಗೆ ಕೈಹಾಕಿದಳು. ಜೀವಮಾನದಲ್ಲಿ ಮುಟ್ಟದ ಆ ಡಬ್ಬಿಯ ಮುಚ್ಚಳ ತೆಗೆದು, ಬಿಸಿನೀರಿಗೆ ಎರಡು ಚಮಚ ಕಲಸಿ, ನೊರೆಯನ್ನೂ ಬರಿಸದೆ ತಂದಿಟ್ಟಳು.

ತಮ್ಮ ಒಂದು ಗುಟುಕು ಕುಡಿದ. ಇನ್ನೊಂದು ಗುಟುಕು ಕುಡಿದ.

"ಚೆನ್ನಾಗಿದೆ ಅಕ್ಕ. ಇವತ್ತು ಸ್ವಲ್ಪ ಜಾಸ್ತೀನೇ ಚೆನ್ನಾಗಿದೆ."

"ಏನೋ ಚೆನ್ನಾಗಿರೋದು?" ಅವಳ ದನಿ ಏರಿತು. "ಅದರಲ್ಲಿ ಏನು ಚೆನ್ನಾಗಿದೆ ಹೇಳು ನೋಡೋಣ."

ತಮ್ಮ ಗಾಬರಿಯಾಗಿ ಲೋಟದೊಳಕ್ಕೆ ನೋಡಿದ. ಪರೀಕ್ಷೆಯಲ್ಲಿ ಓದದ ಪ್ರಶ್ನೆ ಬಂದಾಗ ಚಿಕ್ಕಂದಿನಲ್ಲೂ ಅವನ ಮುಖ ಹೀಗೇ ಆಗುತ್ತಿತ್ತು. ತುಂಬ ಯೋಚಿಸಿ ಹೇಳಿದ: "ಬಿಸಿಯಾಗಿದೆಯಲ್ಲಕ್ಕಾ."

ಬಿಸಿಯಾಗಿದೆ! ನಲವತ್ತು ವರ್ಷ ಅವಳು ಐದೂವರೆಗೆ ಎದ್ದದ್ದು, ಗುಳ್ಳೆ ಅಡಗಲು ಕಾದದ್ದು, ಕಿವಿಗೊಟ್ಟು ತೊಟ್ಟು ಕೇಳಿದ್ದು, ಎಲ್ಲವೂ ಇವನ ಗಂಟಲಿಗೆ ಬರೀ ಬಿಸಿ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕೋಣವಾದರೂ ಒಮ್ಮೊಮ್ಮೆ ತಲೆ ಕೊಡವುತ್ತದೆ, ಇದು ದಿನಾ ಚೆನ್ನಾಗಿದೆ ಎಂದ ಕೋಣ. ಗುಟ್ಟು ಬಯಲಾಗಲಿಲ್ಲ, ಇನ್ನು ಹತ್ತು ವರ್ಷ ಕೆಸರುನೀರು ಕೊಟ್ಟರೂ ಬಯಲಾಗುವುದಿಲ್ಲ ಎಂದು ಅವಳಿಗೆ ಸಮಾಧಾನವಾಗಬೇಕಿತ್ತು. ಮೈಯೆಲ್ಲ ಉರಿಯಿತು. ಆ ಗಡಿಬಿಡಿಯಲ್ಲಿ ತಮ್ಮನ ಹೆಂಡತಿಯ ಲೋಟ ಮೂರು ದಿನದಿಂದ ಅರ್ಧಕ್ಕೇ ಉಳಿದಿದ್ದದ್ದನ್ನು ಅವಳು ಗಮನಿಸಿರಲಿಲ್ಲ. ಆ ಲೋಟವನ್ನು ಅವಳು ಯಾವತ್ತು ಗಮನಿಸಿದ್ದಳು?

ಸಂಜೆ ತಮ್ಮನ ಹೆಂಡತಿ ಔಷಧಿ ಅಂಗಡಿಯಿಂದ ಬಂದವಳು ಚೀಲವನ್ನೂ ಕೆಳಗಿಡದೆ ನೇರ ಅಡುಗೆಮನೆಗೆ ಬಂದಳು.

"ಅತ್ತಿಗೆ, ಮೊನ್ನೆ ಹಾಲು ಸೀದಿತ್ತು. ಇವತ್ತು ನನ್ನ ಡಬ್ಬಿ ಪುಡಿ. ನಿನ್ನೆ ನಿಮ್ಮ ತಮ್ಮಂಗೂ ನನ್ನ ಡಿಕಾಕ್ಷನ್ನೇ ಸಿಕ್ತು." ಆಮೇಲೆ ನೇರವಾಗಿ ಕೇಳಿದಳು: "ಮೂಗು ಯಾವಾಗಿಂದ ಹೋಗಿದೆ?"

ದೊಡ್ಡಕ್ಕನ ಕೈಯಲ್ಲಿದ್ದ ಒರೆಸುವ ಬಟ್ಟೆ ಅಲ್ಲೇ ನಿಂತಿತು. "ನಿಂಗೇನೇ ಗೊತ್ತು ಕಾಫಿ ವಿಷಯ?" ಎಂದಳು. ದನಿಯಲ್ಲಿ ಜೋರಿತ್ತು, ಜೀವವಿರಲಿಲ್ಲ.

"ಜ್ವರ ಬಂದಿತ್ತಲ್ಲ, ಆವಾಗಿಂದ ತಾನೇ? ಪುಡಿ ಬೇರೆ ಹಳೇದು ತರ್ತಿದ್ದೀರಿ. ಅಂಗಡಿಯವನು ಒಳ್ಳೇದು ತೋರಿಸಿದ್ರೆ ಬೇಡ ಅಂದಿರ್ತೀರಿ ನೀವು."

"ಇಷ್ಟೆಲ್ಲ ಗೊತ್ತಾಗೋಳು ಆ ದರಿದ್ರ ಡಬ್ಬಿ ಯಾಕೆ ಇಟ್ಕೊಂಡೆ?"

"ನಿಮ್ಮ ಎರಡನೇ ಡಿಕಾಕ್ಷನ್‌ಗಿಂತ ಅದೇ ವಾಸಿ ಅತ್ತಿಗೆ," ಎಂದಳು ತಮ್ಮನ ಹೆಂಡತಿ. "ಪುಡಿ ಹಳೇದಾದ್ರೆ, ನೀರು ಸರಿಯಿಲ್ದಿದ್ರೆ, ಎಲ್ಲಾ ಅದರಲ್ಲೇ ಮೊದಲು ಗೊತ್ತಾಗೋದು. ಗಟ್ಟಿ ಡಿಕಾಕ್ಷನ್‌ನಲ್ಲಿ ಎಲ್ಲಾ ಮುಚ್ಚಿಹೋಗುತ್ತೆ. ಇಪ್ಪತ್ತೆರಡು ವರ್ಷ ಅದನ್ನೇ ಕುಡಿದೂ ಕುಡಿದೂ ನನ್ನ ನಾಲಿಗೆ ಚುರುಕಾಯ್ತು ಅಂದ್ಕೊಳ್ಳಿ."

"ಮತ್ತೆ ಒಂದು ದಿನಾನೂ ಬಾಯಿ ಬಿಡ್ಲಿಲ್ಲ?"

"ನೀವು ಕೇಳಿದ್ದು ನಿಮ್ಮ ತಮ್ಮನ್ನ. ನನ್ನ ಯಾವತ್ತು ಕೇಳಿದ್ರಿ?"

ದೊಡ್ಡಕ್ಕ ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದಳು. ನಾಚಿಕೆಯಾಯಿತು. ನಾಚಿಕೆ ಅವಳಿಗೆ ಹೊಸದು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಸಿಟ್ಟು ಮಾಡಿಕೊಂಡಳು. ಫಿಲ್ಟರನ್ನು ಕಟ್ಟೆಯ ಮೇಲೆ ಆ ಕಡೆಗೆ ದೂಡಿದಳು. "ತಗೋ. ಇಷ್ಟು ಗೊತ್ತಿದ್ದ ಮೇಲೆ ಇನ್ನು ನೀನೇ ಮಾಡ್ಕೋ." ಹೇಳಿದ್ದೇ ತಡ, ಅವಳು ತಗೊಂಡೇಬಿಟ್ಟರೆ ಎಂದು ಅದರ ಮೇಲಿನ ಕೈ ತೆಗೆಯಲಿಲ್ಲ.

ತಮ್ಮನ ಹೆಂಡತಿ ಫಿಲ್ಟರನ್ನೂ ಅವಳನ್ನೂ ನೋಡಿದಳು. "ನಿಂತೂ ನಿಂತೂ ನನ್ನ ಕಾಲು ಊದ್ಕೊಂಡಿದೆ. ಬೆಳಿಗ್ಗೆ ಐದೂವರೆಗೆ ಎದ್ದು ನಿಮ್ಮ ತಮ್ಮಂಗೆ ಬಿಸಿನೀರು ಕಾಯಿಸೋ ಗ್ರಹಚಾರ ಬೇರೆ ಬೇಕಾ ನಂಗೆ? ಮಾಡೋದು ನೀವೇ. ಮೊದಲನೇ ಲೋಟ ನಂಗೆ. ಕುಡಿದು ಹೇಳ್ತೀನಿ. ಚೆನ್ನಾಗಿಲ್ದಿದ್ರೆ ಚೆನ್ನಾಗಿಲ್ಲ ಅಂತೀನಿ, ಕೇಳಿಸ್ಕೋಬೇಕು."

ಅವಳು ಹೋದ ಮೇಲೆ ದೊಡ್ಡಕ್ಕ ಸುಮ್ಮನೆ ಕೂರಲಾರದೆ ಪಾತ್ರೆಗಳನ್ನೆಲ್ಲ ಇನ್ನೊಮ್ಮೆ ತಿಕ್ಕಿದಳು. ಹೊಸ ಪುಡಿ ಬೇಕೆಂದು ತಾನೇ ಅಂಗಡಿಗೆ ಹೋಗಿ, ಮೂಸದೆ, "ಇವತ್ತು ಹುರಿದದ್ದು ಕೊಡಪ್ಪ," ಎಂದು ಕೇಳಿ ತಂದಳು.

ಬೆಳಿಗ್ಗೆ ತಮ್ಮ ಇನ್ನೂ ಸ್ನಾನದಲ್ಲಿದ್ದ. ದೊಡ್ಡಕ್ಕ ಗಟ್ಟಿ ಡಿಕಾಕ್ಷನ್ ಹಾಕಿ, ಮೊದಲ ಉಕ್ಕಿನ ಹಾಲು ಬೆರೆಸಿ, ನೊರೆ ಬರಿಸಿ, ಕೆಲಸಕ್ಕೆ ಹೊರಟು ನಿಂತಿದ್ದ ತಮ್ಮನ ಹೆಂಡತಿಯ ಕೈಗೆ ಲೋಟ ಕೊಟ್ಟಳು. ತಮ್ಮನನ್ನು ಸಾವಿರಾರು ಸಲ ಕೇಳಿದ್ದನ್ನೇ ಇವಳನ್ನೂ ಕೇಳಿದಳು.

"ಹೇಗಿದೆ?"

ತಮ್ಮನ ಹೆಂಡತಿ ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತಳು. ತಿರುಗಿ ಸಿಂಕಿನಲ್ಲಿ ಉಗಿದಳು.

"ಸೋಪಿನ ವಾಸನೆ. ಫಿಲ್ಟರ್‌ಗೆ ಸೋಪು ಹಾಕಿ ತೊಳೆದ್ರಾ?"

ದೊಡ್ಡಕ್ಕನ ಮುಖ ಬಿಳಿಚಿತು. ಹೌದು, ನಿನ್ನೆ ಸಂಜೆ, ಕೈಗೆ ಸಿಕ್ಕಿದ್ದನ್ನೆಲ್ಲ ತಿಕ್ಕುವಾಗ. ಬೇರೆ ಯಾರಾದರೂ ಆ ಫಿಲ್ಟರಿಗೆ ಸೋಪು ಸೋಕಿಸಿದ್ದರೆ ಅವರನ್ನು ಏಳು ಜನ್ಮಕ್ಕಾಗುವಷ್ಟು ಬೈದು ಅಟ್ಟುತ್ತಿದ್ದಳು. ಈಗ ಬಾಯಿಗೆ ಬಂದದ್ದನ್ನೆಲ್ಲ ನುಂಗಿದಳು, ಏಕೆಂದರೆ ಇವಳು ಹೇಳಿದ್ದು ನಿಜವಾಗಿತ್ತು. ಆ ಮನೆಯಲ್ಲಿ ಅವಳ ಕಾಫಿಯನ್ನು ಯಾರೋ ರುಚಿ ನೋಡಿ ಹೇಳಿದ್ದರು, ಮೊದಲ ಸಲ. ಅವಮಾನದಿಂದ ಕಿವಿ ಬಿಸಿಯಾಗಿತ್ತು. ಅದರ ಜೊತೆಗೇ ಒಳಗೆ ಏನೋ ನೆಟ್ಟಗೆ ಎದ್ದು ಕೂತ ಹಾಗಿತ್ತು.

ಡಿಕಾಕ್ಷನ್ ಅಷ್ಟನ್ನೂ ಸಿಂಕಿಗೆ ಸುರಿದಳು. ಫಿಲ್ಟರಿನ ಎರಡೂ ಪಾತ್ರೆಗಳ ಮೇಲೆ ಕುದಿಯುವ ನೀರು ಹುಯ್ದಳು, ಇನ್ನೊಮ್ಮೆ ಹುಯ್ದಳು. ಪುಡಿ ಹಾಕಿ, ಬಿಲ್ಲೆ ಇಟ್ಟು, ಒತ್ತಿಯೂ ಒತ್ತದ ಹಾಗೆ ಒತ್ತಿ, ನೀರಿನ ಪಾತ್ರೆಗೆ ಕೈಹಾಕಿದಳು.

"ಇಪ್ಪತ್ತು ನಿಮಿಷ ಆಗುತ್ತೆ," ಎಂದಳು ತಿರುಗಿ ನೋಡದೆ. "ನಿಂಗೆ ಹೊತ್ತಾಗುತ್ತೆ, ಹೊರಡು."

ತಮ್ಮನ ಹೆಂಡತಿ ಗಡಿಯಾರ ನೋಡಿದಳು. ಚೀಲವನ್ನು ಕಟ್ಟೆಯ ಮೇಲಿಟ್ಟು, ಸ್ಟೂಲು ಎಳೆದುಕೊಂಡು ಕೂತಳು.

"ನೀರು ಇನ್ನೂ ಕುದೀತಿದೆ ಅತ್ತಿಗೆ," ಎಂದಳು. "ಗುಳ್ಳೆ ಅಡಗಲಿ, ಆಮೇಲೆ ಹುಯ್ಯಿರಿ."